ಕಾಳಿ ಗಂಡಕಿಯ ಗಾಳಿ, ಆರು ಜನ, ನಾಲ್ಕು ಬೈಕು

ಹುಬ್ಬಳ್ಳಿ ಬಿಟ್ಟ ಐದನೇ ದಿನ ಸುನೌಲಿ ಗಡಿ ಮುಟ್ಟಿದೆವು. ನೇಪಾಳಕ್ಕೆ ಹೋಗಲು ನಮ್ಮವರಿಗೆ ವೀಸಾ ಬೇಡ. ಆದರೆ ಬೈಕಿಗೆ ‘ಭನ್ಸಾರ್’ ಮಾಡಿಸಲೇಬೇಕು, ಅಂದರೆ ಅಲ್ಲಿನ ಕಸ್ಟಮ್ಸ್ ಚೀಟಿ. ಎಷ್ಟು ದಿನ ಇರುತ್ತೀರೋ ಅಷ್ಟು ದಿನದ ದುಡ್ಡು ಮೊದಲೇ ಕಟ್ಟಬೇಕು, ದಿನ ಮೀರಿದರೆ ದಂಡ. ನಾವು ಎಂಟು ದಿನಕ್ಕೆ ಕಟ್ಟಿದೆವು. ನಮ್ಮ 100 ರೂಪಾಯಿಗೆ ಅಲ್ಲಿನ 160 ಸಿಗುತ್ತದೆ, ಜೇಬು ಒಮ್ಮೆಲೇ ದಪ್ಪ ಆದಂಗಾಯ್ತು. ಗಡಿಯಾರ 15 ನಿಮಿಷ ಮುಂದೆ ತಿರುಗಿಸಿಕೊಂಡೆವು.

ಪೊಖರಾದವರೆಗೆ ಹೇಳುವಂಥದ್ದೇನಿಲ್ಲ. ಬೇನಿ ದಾಟಿದ ಮೇಲೆ ಡಾಂಬರು ಅನ್ನೋದು ಅಲ್ಲಲ್ಲಿ ನೆನಪಿಗೆ ಉಳಿದಿತ್ತು, ಅಷ್ಟೇ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಆಳದಲ್ಲಿ ಕಾಳಿ ಗಂಡಕಿ ನದಿ. ತಾತೋಪಾನಿ ಆಚೆ ರಸ್ತೆ ಮೇಲೇ ಹರಿಯುವ ಒಂದು ಹಳ್ಳದಲ್ಲಿ ಗದಗಿನ ಗೆಳೆಯನ ಮುಂದಿನ ಗಾಲಿ ಕಲ್ಲಿಗೆ ಸಿಕ್ಕಿತು. ಬೈಕ್ ಸಮೇತ ಬಿದ್ದ. ಕಾಲು ಕೆಳಗೆ, ಬೈಕ್ ಮೇಲೆ, ಮಂಜಿನಂಥ ನೀರು.

“ಲೇ, ನನ್ನ ಕಾಲ ಐತೇನ ನೋಡ್ರಲೇ!”

ನಾವು ಓಡುವಷ್ಟರಲ್ಲಿ ಚಹಾದಂಗಡಿಯ ಇಬ್ಬರು ಹೆಣ್ಣುಮಕ್ಕಳು ನೀರಿಗಿಳಿದು ಹ್ಯಾಂಡಲ್ ಹಿಡಿದಿದ್ದರು. ಕ್ಲಚ್ ಲಿವರ್ ಮುರಿದಿತ್ತು. ಅದು ನಮ್ಮ ಹತ್ತಿರ ಇನ್ನೊಂದಿತ್ತು. ಕಾಲಿಗೆ ಎಲ್ಲಿಂದ ತರೋದು? ಸಂಜೆಯೊಳಗೆ ಪಾದ ಊದಿ ಬೂಟು ಹತ್ತದಂಗಾಯ್ತು. ಎಕ್ಸ್‌ರೇಗೆ ಪೊಖರಾಕ್ಕೇ ಹೋಗಬೇಕು ಅಂದರು.

ಆ ರಾತ್ರಿ ನಮ್ಮೊಳಗೇ ಜಗಳ. ಎಲ್ಲರೂ ವಾಪಸ್ ಹೋಗೋಣ ಅಂತ ಇಬ್ಬರು. ಭನ್ಸಾರ್ ದಿನ ಲೆಕ್ಕ ಹಾಕುತ್ತಾ ಕೂತವನು ಒಬ್ಬ. ಗದಗಿನವನು ಬ್ಯಾಗಿನಿಂದ ಒಂದು ಸ್ಟೀಲ್ ಬಾಟಲಿ ತೆಗೆದ. “ಅವ್ವ ಮುಕ್ತಿನಾಥದ ನೀರು ತಾ ಅಂದಾಳ. ನೀವು ಹೋಗ್ರಿ. ಖಾಲಿ ತಗೊಂಡು ನಾ ಮನಿಗೆ ಹೋಗಂಗಿಲ್ಲ.” ಜಗಳ ಅಲ್ಲಿಗೇ ಮುಗಿಯಿತು. ಬೆಳಿಗ್ಗೆ ಒಬ್ಬ ಅವನ ಜೊತೆ ಜೀಪು ಹತ್ತಿದ. ಅವನ ಬೈಕು ಚಹಾದಂಗಡಿ ಅಂಗಳದಲ್ಲಿ ಉಳಿಯಿತು. ಬಾಡಿಗೆ ಎಷ್ಟು ಕೊಡಲಿ ಅಂದದ್ದಕ್ಕೆ ಆ ಅಕ್ಕ, “ಬರುವಾಗ ಇಲ್ಲೇ ಊಟ ಮಾಡಿ” ಅಂದರು.

ಮೇಲೆ ಹೋದಂತೆ ಹಸಿರು ಮುಗಿದು ಬರೀ ಮಣ್ಣಿನ ಬಣ್ಣದ ಬೆಟ್ಟಗಳು. ಎಡಕ್ಕೆ 8,167 ಮೀಟರಿನ ಧೌಲಾಗಿರಿ, ಬಲಕ್ಕೆ 8,091 ಮೀಟರಿನ ಅನ್ನಪೂರ್ಣ, ನಡುವೆ ನಮ್ಮ ಮೂರು ಬೈಕು. ಮಾರ್ಫಾದಲ್ಲಿ ಸುಣ್ಣ ಬಳಿದ ಮನೆಗಳು, ಮಾಳಿಗೆ ಅಂಚಿಗೆ ಒಟ್ಟಿದ ಕಟ್ಟಿಗೆ, ಸುತ್ತ ಸೇಬಿನ ತೋಟ. ನಮ್ಮ ಮಣ್ಣಿನ ಮಾಳಿಗೆ ಮನೆ ಕಂಡವರಿಗೆ ಆ ಊರು ಪರಕೀಯ ಅನಿಸುವುದಿಲ್ಲ.

ಆ ಕಣಿವೆಯಲ್ಲಿ ಬಿಸಿಲೇರಿದ ಮೇಲೆ ಗಾಳಿ ಏಳುತ್ತದೆ. ಜೋಮ್‌ಸೋಮ್‌ಗೆ ವಿಮಾನ ಬೆಳಗಿನ ಹೊತ್ತೇ ಬಂದು ಹೋಗುವುದು ಅದಕ್ಕೇ. ನಾವು ಮುಟ್ಟಿದ್ದು ಮಧ್ಯಾಹ್ನ. ಮರಳು ಹೆಲ್ಮೆಟ್ ಒಳಗೆ ನುಗ್ಗಿತು. ನಿಲ್ಲಿಸಿದ ಬೈಕೊಂದು ತಾನೇ ಮಲಗಿತು, ಇಂಡಿಕೇಟರ್ ಚೂರು.

ನಮ್ಮೂರ ದೇವರ ಕೋಣೆಗಳ ಸಾಲಿಗ್ರಾಮ ಬರುವುದು ಈ ನದಿಯಿಂದಲೇ. ಕಪ್ಪು ಕಲ್ಲಿನೊಳಗಿನ ಚಕ್ರ ಕಡಲ ಜೀವಿಯ ಗುರುತು. ಹಿಮಾಲಯ ಏಳುವ ಮೊದಲು ಇಲ್ಲಿ ಸಮುದ್ರವಿತ್ತು. ಆ ಒಣ ಗಾಳಿಯಲ್ಲಿ ನಿಂತು ಅದನ್ನು ನಂಬುವುದು ಕಷ್ಟ.

ಮರುದಿನ ಮುಕ್ತಿನಾಥ, 3,700 ಮೀಟರಿಗೂ ಮೇಲೆ. ಬೈಕುಗಳು ಎಳೆಯಲಾರದೆ ಕೆಮ್ಮಿದವು, ನಾವೂ ಕೂಡ. ಗುಡಿ ಹಿಂದೆ 108 ನೀರಿನ ಧಾರೆ. ವಿಷ್ಣುವಿನ ಗುಡಿ, ನೋಡಿಕೊಳ್ಳುವವರಲ್ಲಿ ಬೌದ್ಧ ಸನ್ಯಾಸಿನಿಯರು. ಒಂದೊಂದು ಧಾರೆಗೂ ಬಾಟಲಿ ಒಡ್ಡಿದೆವು. ಬೆರಳು ಮರಗಟ್ಟಿ ಮುಚ್ಚಳ ಹಾಕಲು ಇಬ್ಬರು ಬೇಕಾದರು.

ಇಳಿಯುವಾಗ ಅಕ್ಕನ ಅಂಗಡಿಯಲ್ಲಿ ದಾಲ್‌ಭಾತ್ ಉಂಡು ಬೈಕು ಬಿಡಿಸಿಕೊಂಡೆವು. ಪೊಖರಾದಲ್ಲಿ ಗದಗಿನವನ ಕಾಲಿಗೆ ಪ್ಲಾಸ್ಟರ್ ಬಿದ್ದಿತ್ತು, ಎಲುಬು ಸಣ್ಣಗೆ ಬಿರುಕು ಬಿಟ್ಟಿತ್ತಂತೆ. ಅವನನ್ನು ಬಸ್ ಹತ್ತಿಸಿ ನಾವು ಹಿಂದೆ ಹೊರಟೆವು. ಎಂಟನೇ ದಿನ ಕತ್ತಲಾಗುವ ಮೊದಲೇ ಗಡಿ ದಾಟಿದೆವು. ಗೋರಖ್‌ಪುರ ಸ್ಟೇಷನ್ನಿನಲ್ಲಿ ಬಾಟಲಿ ಕೈಗಿಟ್ಟಾಗ ಅಲ್ಲಾಡಿಸಿ ನೋಡಿದ, ಟವೆಲ್ಲಿನಲ್ಲಿ ಸುತ್ತಿ ತಲೆದಿಂಬಿನ ಕೆಳಗೆ ಇಟ್ಟುಕೊಂಡ. ಬೈಕಿಗೇನಾಯ್ತು ಅಂತ ಕೇಳಿದ್ದು ಅದಾದ ಮೇಲೆ.