ರಬ್ಬರಿನ ಕಪ್ಪೆ

ಮೀನು ತಿನ್ನದ ಮನೆಯಲ್ಲಿ ಹುಟ್ಟಿ, ಪಾಠಶಾಲೆಯಲ್ಲಿ ತರ್ಕ ವ್ಯಾಕರಣಗಳನ್ನೋದಿ, ಮೂವತ್ತೈದು ವರ್ಷ ಹಳ್ಳಿಗಾಡಿನ ಪ್ರೌಢಶಾಲೆಯಲ್ಲಿ ಕನ್ನಡ ಸಂಸ್ಕೃತಗಳನ್ನು ಹೇಳಿಕೊಟ್ಟು ನಿವೃತ್ತನಾದವನು ಗಾಳದ ವಿಚಾರ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜವೇ. ಈ ವಿದ್ಯೆಗೂ ನನಗೂ ಇದ್ದ ನಂಟು ಬರಿಯ ಪುಸ್ತಕದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವುಂಟು. ಪೊರೆಯುಳ್ಳ ಮೀನಾವುದು, ಪೊರೆಯಿಲ್ಲದ್ದಾವುದು, ಕಡಲಿನದಾವುದು, ಹೊಳೆಯದಾವುದು, ಯಾವುದಕ್ಕೆ ಎಂಥ ಆಹಾರವನ್ನು ಹಾಕಿ ಸಾಕಬೇಕು, ಕೋಲು, ದಾರ, ಗಾಳ ಹೇಗಿರಬೇಕು—ಇವನ್ನೆಲ್ಲ ಆ ದೊರೆ ರಾಜ್ಯಭಾರದ ಮಾತನ್ನಾಡುವಷ್ಟೇ ಗಾಂಭೀರ್ಯದಿಂದ ಹೇಳಿದ್ದಾನೆ. ಸಿಂಹಾಸನವೇರಿದವನಿಗೂ ಎರೆಯ ಚಿಂತೆ ತಪ್ಪಲಿಲ್ಲವಲ್ಲಾ ಎಂದು ನಾನು ನಕ್ಕಿದ್ದುಂಟು.

ಹೋದ ವರ್ಷ ಭಾದ್ರಪದದಲ್ಲಿ, ಗಣಪತಿಯನ್ನು ಬಿಟ್ಟ ಮರುವಾರ, ನನ್ನ ತಂಗಿಯ ಮಗನು ಬೆಂಗಳೂರಿನಿಂದ ಇಬ್ಬರು ಸ್ನೇಹಿತರೊಡನೆ ಬಂದಿಳಿದನು. ಮೂವರೂ ಇಂಜಿನಿಯರುಗಳು, ಮೂವರಿಗೂ ಗಾಳದ ಹುಚ್ಚು. ರಾತ್ರಿ ಊಟವಾದಮೇಲೆ ನಡುಮನೆಯಲ್ಲಿ ಅವರು ತಮ್ಮ ಪೆಟ್ಟಿಗೆಗಳನ್ನು ತೆರೆದರು. ಒಳಗೆ ಕಪ್ಪೆ, ಮೀನು, ಸೀಗಡಿ, ಇಲಿಮರಿ—ಎಲ್ಲವೂ ರಬ್ಬರು, ಮರ, ತಗಡುಗಳಲ್ಲಿ ಮಾಡಿದವು. ಬಗೆಬಗೆಯ ಬಣ್ಣ, ಮಿರುಗುವ ಕಣ್ಣು. ನನ್ನಾಕೆ ಬಗ್ಗಿ ನೋಡಿ, “ಬರುವ ನವರಾತ್ರಿಗೆ ಇವನ್ನೇ ಕೂರಿಸಬಹುದು” ಎಂದಳು. ಅನಂತರ ಅವುಗಳ ಹೊಟ್ಟೆಯಲ್ಲಿದ್ದ ಕೊಕ್ಕೆಗಳನ್ನು ಕಂಡು ಕೈ ಹಿಂದೆಗೆದುಕೊಂಡಳು.

ಇವುಗಳಿಗೆ ನಾನು ಹುಸಿಯೆರೆ ಎಂದು ಹೆಸರಿಟ್ಟೆನು. ನಿಜವಾದ ಎರೆ ರುಚಿಯಿಂದ ಕರೆಯುತ್ತದೆ. ಇವಕ್ಕೆ ರುಚಿಯಿಲ್ಲ, ನಡೆಯೊಂದೇ ಬಂಡವಾಳ. ಇದರ ಚರಿತ್ರೆಯೂ ವಿನೋದವಾದದ್ದು. ಅಮೆರಿಕದ ಜೂಲಿಯೋ ಬ್ಯೂಯೆಲ್ ಎಂಬಾತನು ಕೆರೆಯೊಂದರಲ್ಲಿ ಕೈಜಾರಿ ಬಿದ್ದ ಚಮಚೆಗೆ ಮೀನು ಎರಗಿದುದನ್ನು ಕಂಡು, ಚಮಚೆಯ ಹಿಡಿಯನ್ನು ಕತ್ತರಿಸಿ ಗಾಳ ಮಾಡಿದನೆಂದು ಪ್ರತೀತಿ. 1852ರಲ್ಲಿ ಅವನು ಹಕ್ಕುಪತ್ರ ಪಡೆದುದಂತೂ ದಾಖಲೆಯಲ್ಲಿದೆ. ಫಿನ್ಲೆಂಡಿನ ಲೌರಿ ರಪಾಲ ಎಂಬ ಬಡ ಬೆಸ್ತನು, ದೊಡ್ಡ ಮೀನು ಹಿಂಡಿನಲ್ಲಿ ಗಾಯಗೊಂಡು ತೊಯ್ದಾಡುವ ಸಣ್ಣ ಮೀನನ್ನೇ ಆರಿಸಿಕೊಳ್ಳುವುದನ್ನು ದೋಣಿಯಿಂದ ಗಮನಿಸಿ, 1936ರಲ್ಲಿ ಬೆಂಡಿನ ಮೀನೊಂದನ್ನು ಕೆತ್ತಿದನು. ಚಾಕೊಲೇಟಿನ ತಗಡು ಸುತ್ತಿ, ಛಾಯಾಚಿತ್ರದ ಹಳೆಯ ಫಿಲ್ಮುಗಳನ್ನು ಕರಗಿಸಿ ಮೇಲೆ ಲೇಪಿಸಿದನು. ಮೋಸವಾದರೂ ಅದರ ಹಿಂದಿನ ಅವಲೋಕನವನ್ನು ಮೆಚ್ಚದೆ ಇರಲಾರೆ. ನಮ್ಮ ಕಾವೇರಿಯ ದಂಡೆಯವರು ದೊಡ್ಡ ಬಿಳಿಮೀನಿಗೆ ರಾಗಿಹಿಟ್ಟಿನ ಮುದ್ದೆಯನ್ನೇ ಹಾಕುತ್ತಿದ್ದರು. ತಾನು ಉಣ್ಣುವುದನ್ನೇ ಮೀನಿಗೂ ಬಡಿಸುವ ಆ ಪದ್ಧತಿಯಲ್ಲಿ ಒಂದು ಬಗೆಯ ಮರ್ಯಾದೆಯಾದರೂ ಉಂಟು.

ಹುಡುಗರ ವಾದ ನಡುರಾತ್ರಿಯವರೆಗೆ ನಡೆಯಿತು. ಹಸಿರು ಬಣ್ಣದ ಒಂದು ಪುಟ್ಟ ಗಟ್ಟಿಕಪ್ಪೆ ಹೊಸದಾಗಿ ಬಂದಿತ್ತು. ಹಿಂದುಗಡೆ ಗಿರ್ರನೆ ತಿರುಗುವ ತಗಡು. ಒಬ್ಬನ ಪ್ರಕಾರ ಅದಕ್ಕೆ ಸಮನಿಲ್ಲ: ಕಳೆದ ತಿಂಗಳು ಒಂದೇ ಬೆಳಗ್ಗೆ ಐದು ಮೀನು. ಇನ್ನೊಬ್ಬನು ಟೊಳ್ಳುಹೊಟ್ಟೆಯ ಹಳದಿ ರಬ್ಬರಿನ ಕಪ್ಪೆಯ ಪಕ್ಷ. ನನ್ನ ಸೋದರಳಿಯನು ಬಾಲವಾಡಿಸುವ ಮೆತ್ತನೆಯ ಮೀನಿನ ಪಕ್ಷ. ಕೇಳುತ್ತ ಕೇಳುತ್ತ ನನ್ನೊಳಗಿನ ತಾರ್ಕಿಕನು ಎಚ್ಚತ್ತನು. “ಆ ಐದು ಮೀನು ಬಂದಾಗ ಕೆರೆ ಬೇರೆ, ಹೊತ್ತು ಬೇರೆ, ಕೈ ಬೇರೆ. ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ಇದಿದ್ದರೆ ಅದುಂಟು, ಇದಿಲ್ಲದಿದ್ದರೆ ಅದಿಲ್ಲ ಎಂದು ಎರಡು ಕಡೆಯಿಂದಲೂ ತೋರಿಸಬೇಕು. ಅನ್ವಯವೊಂದೇ ಸಾಲದು, ವ್ಯತಿರೇಕವೂ ಬೇಕು” ಎಂದೆನು. ಹುಡುಗರು ಮೊದಲು ನಕ್ಕರು. ಅನಂತರ, “ಹಾಗಾದರೆ ನೀವೇ ಬಂದು ತೀರ್ಪು ಹೇಳಿ” ಎಂದರು. ಹೀಗಾಗಿ ಮರುದಿನ ಬೆಳಗಿನ ಜಾವ ಸ್ನಾನ ಸಂಧ್ಯೆ ಮುಗಿಸಿ ನಾನು ಮೀನುಬೇಟೆಗೆ ಹೊರಟೆನು.

ಕೆರೆ ನಮ್ಮೂರಿಗೆ ಎರಡು ಹರಿದಾರಿ. ನೀರು ತುಂಬಿತ್ತು, ದಡದಲ್ಲಿ ಗಣಪತಿಯ ಮಣ್ಣು ಇನ್ನೂ ಪೂರ್ತಿ ಕರಗಿರಲಿಲ್ಲ. ಆ ಕೆರೆಯ ಮೀನಿನ ಗುತ್ತಿಗೆ ಬೆಸ್ತರ ಸಂಘದ್ದು. ಅದರ ಪರವಾಗಿ ನೋಡಿಕೊಳ್ಳುವಾತನು, ಸುಮಾರು ಐವತ್ತರ ವಯಸ್ಸಿನವನು, ಏರಿಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದನು. ನನ್ನನ್ನು ಕಂಡೊಡನೆ ಎದ್ದು ಬೀಡಿಯನ್ನು ಎಸೆದನು. ನಾನು ಅದನ್ನು ನನ್ನ ನರೆತ ತಲೆಗೆ ಸಂದ ಗೌರವವೆಂದುಕೊಂಡೆನು. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವುದೆಂಬ ಕರಾರಿನ ಮೇಲೆ ಆತನು ಒಪ್ಪಿದ್ದನಂತೆ. “ಬಿಡುವುದಾದರೆ ಹಿಡಿಯುವುದೇಕೆ?” ಎಂದು ಸೋದರಳಿಯನನ್ನು ಕೇಳಿದೆನು. ಅವನು ಕೊಟ್ಟ ಉತ್ತರ ಉದ್ದವಾಗಿತ್ತು, ನನಗೆ ಸಮಾಧಾನವಾಗಲಿಲ್ಲ.

ಅಲ್ಲಿನ ಮುಖ್ಯ ಮೀನು ಕೊರಮೀನು. ಮರಲ್ ಎಂಬ ಹೆಸರೂ ಉಂಟು. ಹಾವಿನಂಥ ತಲೆ. ನೀರಿನಲ್ಲಿದ್ದರೂ ಇದಕ್ಕೆ ನಮ್ಮಂತೆ ಗಾಳಿ ಬೇಕು. ಆಗಾಗ್ಗೆ ಮೇಲೆ ಬಂದು ಗುಳಕ್ಕನೆ ಉಸಿರು ಕುಡಿದು ಹೋಗುತ್ತದೆ, ತಡೆದರೆ ನೀರಿನಲ್ಲೇ ಸಾಯುತ್ತದೆ. ಆ ಗುಳಕ್ಕೇ ಅದರ ವಿಳಾಸ.

ನಾನು ವ್ಯವಸ್ಥೆ ಮಾಡಿದೆನು. ತೂಬಿನ ಬಳಿ, ಜೊಂಡಿನ ಅಂಚು, ಕೋಡಿಯ ಬಳಿ—ಮೂರು ಸ್ಥಳ. ಮೂರು ಹುಸಿಯೆರೆ, ಮೂವರು ಆಳು, ನಲವತ್ತು ನಿಮಿಷದ ಮೂರು ಸರದಿ. ಪ್ರತಿಯೊಂದು ಹುಸಿಯೆರೆಯೂ ಪ್ರತಿಯೊಂದು ಸ್ಥಳಕ್ಕೂ ಪ್ರತಿಯೊಬ್ಬನ ಕೈಗೂ ಒಂದೊಂದು ಸಲ ಬರುವಂತೆ ಹಾಳೆಯ ಮೇಲೆ ಮನೆಗಳನ್ನು ಎಳೆದು ಕೊಟ್ಟೆನು. ಹುಡುಗರು ಬೆರಗಾದರು. ನಿವೃತ್ತನಾದಮೇಲೆ ನನ್ನ ಮಾತಿಗೆ ಮೂವರು ತಲೆದೂಗಿದುದು ಅಂದೇ; ಆ ಸುಖದಲ್ಲಿ ನಾನು ತುಸು ಉಬ್ಬಿದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಮೊದಲ ಸರದಿಯಲ್ಲಿ ಜೊಂಡಿನ ಬಳಿ ಹಳದಿ ಕಪ್ಪೆ. ನಾಲ್ಕು ಸಲ ನೀರು ಸಿಡಿಯಿತು, ಒಂದೂ ಸಿಕ್ಕಲಿಲ್ಲ. ಅದರ ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡಿರುವುದರಿಂದ ಜೊಂಡಿನಲ್ಲಿ ಸಿಕ್ಕಿಬೀಳುವುದಿಲ್ಲ. ಆದರೆ ಮೀನು ಟೊಳ್ಳುಹೊಟ್ಟೆಯನ್ನು ಚೆನ್ನಾಗಿ ಕಚ್ಚಿ ಅಮುಕುವವರೆಗೆ ಕೊಕ್ಕೆ ಹೊರಬಾರದು. ಕಚ್ಚಿದೊಡನೆ ಎಳೆಯಬಾರದು, ಒಂದುಸಿರಿನಷ್ಟು ಹೊತ್ತು ತಾಳಬೇಕು. ಆ ತಾಳ್ಮೆ ಯಾರಿಗುಂಟು? ಎರಡನೆಯ ಸರದಿಯಲ್ಲಿ ಹಸಿರು ಗಟ್ಟಿಕಪ್ಪೆ ಜೊಂಡಿಗೆ ಬಂದಿತು. ಮೂರು ಸಲ ಎರಗಿದವು, ಎರಡು ಸಿಕ್ಕವು. ಉಳಿದ ಹೊತ್ತೆಲ್ಲ ಕೊಕ್ಕೆಗೆ ಸಿಕ್ಕ ಬಳ್ಳಿಯನ್ನು ಬಿಡಿಸುವುದೇ ಆಯಿತು. ತೂಬಿನಲ್ಲೂ ಕೋಡಿಯಲ್ಲೂ ಯಾವುದಕ್ಕೂ ಏನೂ ಇಲ್ಲ. ಎರೆ ಯಾವುದಾದರೇನು, ಸ್ಥಳವೇ ಕಾರಣವೆಂದು ನಾನು ಬಹುಮಟ್ಟಿಗೆ ನಿಶ್ಚಯಿಸಿದ್ದೆನು.

ಎರಡು ಸರದಿಗಳ ನಡುವೆ ಕಾಫಿ ಕುಡಿಯುವಾಗ ಮಾತು ಪಾಠದ ಕಡೆ ಹೊರಳಿತು. ಕಾರಣವನ್ನು ಹೇಗೆ ನಿಶ್ಚಯಿಸಬೇಕೆಂಬುದಕ್ಕೆ ನನ್ನ ಬಾಳಿನ ಉದಾಹರಣೆಯೊಂದನ್ನು ಕೊಟ್ಟೆನು. 1991ರವರೆಗೆ ನಮ್ಮ ಶಾಲೆಯ ಹತ್ತನೆಯ ತರಗತಿಯ ಫಲಿತಾಂಶ ಸಾಧಾರಣ. ಆ ವರ್ಷ ತರಗತಿಯ ಹೊಣೆ ನನಗೆ ಬಂದಿತು. ಬೆತ್ತ ಹಿಡಿದೆನು, ತಪ್ಪಿದವರನ್ನು ಸಂಜೆಯವರೆಗೆ ನಿಲ್ಲಿಸಿದೆನು. ಫಲಿತಾಂಶ ಹಿಂದೆಂದೂ ಇಲ್ಲದಂತೆ ಏರಿತು. ಮರುವರ್ಷ ಹೊಣೆ ಬೇರೆಯವರಿಗೆ ಹೋಯಿತು, ಫಲಿತಾಂಶ ಇಳಿಯಿತು. ಅನ್ವಯವೂ ಉಂಟು, ವ್ಯತಿರೇಕವೂ ಉಂಟು! ಇದನ್ನು ನಾನು ಎಷ್ಟು ಜನ ಎಳೆಯ ಉಪಾಧ್ಯಾಯರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳನ್ನು ದಂಡಿಸಕೂಡದೆಂದು ವಿಧಿಸಿದಾಗ, ವಿದ್ಯೆ ಮುಗಿಯಿತೆಂದು ಸಭೆಯಲ್ಲಿ ಎದ್ದುನಿಂತು ಹೇಳಿದವನೂ ನಾನೇ. ಕೆರೆಯ ಆತನು ದೂರದಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದನು.

ಮೂರನೆಯ ಸರದಿಯಲ್ಲಿ ಹಸಿರು ಕಪ್ಪೆ ಕೋಡಿಗೆ ಹೋಯಿತು. ಎರಡು ಎರೆಗಳು ಸೋತ ಅದೇ ಬರಿನೀರಿನಲ್ಲಿ ಎರಡನೆಯ ಎಸೆತಕ್ಕೇ ನೀರು ಕೊಡದಷ್ಟು ಎದ್ದು ಒಡೆಯಿತು. ತಪ್ಪಿತು, ಮತ್ತೆ ಎಸೆದರೆ ಮತ್ತೆ ಎರಗಿತು. ಮೂರನೆಯ ಸಲ ಸಿಕ್ಕಿತು—ತೋಳುದ್ದದ, ಕರಿಯ ಬೆನ್ನಿನ ಕೊರಮೀನು. ಹುಡುಗರು ಕೂಗಿದರು. ನಾನೂ ಕೂಗಿದೆನೆಂದು ಕಾಣುತ್ತದೆ. ಸ್ಥಳ ಅದೇ, ಎರೆ ಮಾತ್ರ ಬೇರೆ, ಫಲ ಬೇರೆ! “ಹಸಿರು ಕಪ್ಪೆಯೇ ಹೇತು” ಎಂದು ತೀರ್ಪು ಕೊಟ್ಟುಬಿಟ್ಟೆನು.

ಆ ವೇಳೆಗೆ ಕೆರೆಯ ಆತನು ಓಡಿಬಂದು, ಚಿತ್ರ ತೆಗೆಯಹೋದವರ ಕೈಯಿಂದ ಮೀನನ್ನು ತೆಗೆದುಕೊಂಡು, ಒದ್ದೆ ಕೈಯಿಂದಲೇ ಕೊಕ್ಕೆ ಬಿಡಿಸಿ, ಸೊಂಟದುದ್ದದ ನೀರಿಗಿಳಿದು ಸಿಕ್ಕಿದ ಜಾಗದಲ್ಲೇ ಬಿಟ್ಟನು. ಅನಂತರ ಬೆರಳು ತೋರಿಸಿದನು. ಅಲ್ಲಿ ನೀರಿನ ಮೇಲ್ಭಾಗದಲ್ಲಿ ಕುಂಕುಮ ಚೆಲ್ಲಿದಂತೆ ಒಂದು ಕೆಂಪು ಮಂಡಲ ಕದಲುತ್ತಿತ್ತು. ನೋಡಿದರೆ ಮರಿಗಳು, ಅಕ್ಕಿಯ ಕಾಳಿಗಿಂತ ತುಸು ದೊಡ್ಡವು, ನೂರಾರು.

“ಇವು ಈಗ ಜೊಂಡಿನ ಕಡೆಯಿಂದ ತೇಲಿಕೊಂಡು ಬಂದ್ವು ಸ್ವಾಮಿ. ಅದು ಹೊಟ್ಟೆಗೆ ಕಚ್ಲಿಲ್ಲ. ಮರಿ ಮೇಲೆ ಏನು ಬಿದ್ರೂ ಕಚ್ತದೆ. ಹಸಿರಾದ್ರೂ ಅಷ್ಟೆ, ನನ್ನ ಚಪ್ಲಿ ಎಸೆದ್ರೂ ಅಷ್ಟೆ.”

ಯಾರೂ ಮಾತಾಡಲಿಲ್ಲ. ಕಾವಲು ತಪ್ಪಿದ ಆ ಮಂಡಲದ ಅಂಚಿನಲ್ಲಿ ಸಣ್ಣ ಮೀನುಗಳು ಆಗಲೇ ಚಿಟಚಿಟನೆ ಏಳುತ್ತಿದ್ದವು. ಒಂದೊಂದು ಸದ್ದಿಗೂ ಕೆಂಪು ಒಂದಿಷ್ಟು ಕಿರಿದಾಗುತ್ತಿತ್ತು.

ಮೌನವನ್ನು ತುಂಬಲು ಉಪಾಧ್ಯಾಯನಿಗೆ ಉಪನ್ಯಾಸವಲ್ಲದೆ ಬೇರೆ ಗತಿಯಿಲ್ಲ. ನಾನು ಉಪಾಧಿಯನ್ನು ವಿವರಿಸಿದೆನು. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದು ಊಹಿಸಿದವನು ಕಾದ ಕಬ್ಬಿಣದ ಉಂಡೆಯನ್ನು ಕಂಡು ಸೋಲುತ್ತಾನೆ. ಹೊಗೆಗೆ ಹಸಿಸೌದೆಯ ಸಂಯೋಗ ಬೇಕು. ‘ತರ್ಕಸಂಗ್ರಹ’ವನ್ನು ಓದುವ ಹುಡುಗನಿಗೂ ತಿಳಿದ ಮಾತು. ಕಣ್ಣಿಗೆ ಬೀಳದೆ ನಡುವೆ ಕುಳಿತು, ಕಾರಣವಲ್ಲದ್ದಕ್ಕೆ ಕಾರಣದ ಕೀರ್ತಿಯನ್ನು ಕೊಡಿಸುವ ಈ ಹಸಿಸೌದೆಯೇ ಉಪಾಧಿ. ಇಲ್ಲಿ ಮರಿಗಳೇ ಉಪಾಧಿ. ನಾನು ಅವನ್ನು ನೋಡದೆ ತೀರ್ಪು ಕೊಟ್ಟೆನು ಎಂದೆನು. ಹೀಗೆ ಸೋಲನ್ನೊಪ್ಪಿಕೊಳ್ಳುವುದರಲ್ಲೂ ನನಗೆ ಸ್ವಲ್ಪ ಜಂಬವಿತ್ತು.

ಆತನು ಪಂಚೆಯನ್ನು ಹಿಂಡುತ್ತ ಕೇಳಿದನು: “ಹಂಗಾದ್ರೆ ಮೇಷ್ಟ್ರೆ, ಆ ವರ್ಷದ ರಿಜಲ್ಟಿಗೂ ಇಂಥದ್ದೊಂದು ಇದ್ದಿರಬೇಕಲ್ವಾ?”

“ಏನದು?” ಎಂದೆನು.

“ನಾನೂ ಅದೇ ಕ್ಲಾಸು. ಸಂಕ್ರಾಂತಿ ಆದ್ಮೇಲೆ ಬರ್ಲಿಲ್ಲ. ನಮ್ಮ ಬೀದಿಯಿಂದ ಇನ್ನೂ ನಾಲ್ಕು ಜನ ಬರ್ಲಿಲ್ಲ, ಏಟಿಗೆ ಹೆದರಿ. ನಾವು ಪರೀಕ್ಷೆಗೆ ಕೂತಿದ್ರೆ ನಪಾಸಾಗ್ತಿದ್ವಿ ಬಿಡಿ. ಕೂರ್ಲಿಲ್ಲವಲ್ಲ, ನಿಮ್ಮ ರಿಜಲ್ಟು ಚೆನ್ನಾಗಿ ಬಂತು.”

ಧ್ವನಿಯಲ್ಲಿ ಕಹಿಯಿರಲಿಲ್ಲ. ನೀರಿನ ಕಡೆ ನೋಡಿಕೊಂಡು, ಮರಿಗಳ ವಿಚಾರ ಹೇಳಿದ ಹಾಗೆಯೇ ಹೇಳಿದನು. ಬೀಡಿ ಎಸೆದದ್ದು ಏಕೆಂದು ಆಗ ತಿಳಿಯಿತು. ಹುಡುಗರು ಸರಂಜಾಮು ಕಟ್ಟುವುದರಲ್ಲಿ ಬಹಳ ನಿರತರಾದಂತೆ ನಟಿಸಿದರು. ಅಂದು ದಾರಿಯಲ್ಲಿ ಯಾವ ಎರೆ ಗೆದ್ದಿತೆಂಬ ಮಾತನ್ನು ಯಾರೂ ಎತ್ತಲಿಲ್ಲ.

ಮನೆಗೆ ಬಂದು ಅಟ್ಟದ ಮೇಲಿನ ಟ್ರಂಕಿನಿಂದ ಹಳೆಯ ದಿನಚರಿಗಳನ್ನು ಇಳಿಸಿದೆನು. ತರಗತಿಯ ಹೆಸರುಗಳನ್ನು ನನ್ನ ಕೈಯಿಂದಲೇ ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸವಾಗಿತ್ತು. 1991ರ ಪಟ್ಟಿಯಲ್ಲಿ ಜನವರಿಯಿಂದ ಮಾರ್ಚಿಯವರೆಗೆ ಒಂದೊಂದಾಗಿ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದ ಹೆಸರುಗಳು ಹನ್ನೊಂದು. ಎದುರಿಗೆ ‘ಹಾಜರಿಲ್ಲ, ತೆಗೆದಿದೆ’ ಎಂದು ನನ್ನದೇ ಅಕ್ಷರ, ದುಂಡಗೆ, ಅಚ್ಚುಕಟ್ಟಾಗಿ. ಈ ಹಾಳೆ ಮೂವತ್ತು ವರ್ಷಕ್ಕೂ ಮೀರಿ ನನ್ನ ಮನೆಯಲ್ಲೇ ಇತ್ತು. ಆ ವರ್ಷದ ವಿಚಾರ ಹೇಳುವಾಗಲೆಲ್ಲ ನಾನು ಎಣಿಸಿದ್ದು ತೇರ್ಗಡೆಯಾದವರನ್ನು ಮಾತ್ರ.

ಮುಂದಿನ ಭಾನುವಾರ ದಿನಚರಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಾನೊಬ್ಬನೇ ಕೆರೆಗೆ ಹೋದೆನು. ಆತನು ಬಲೆಯನ್ನು ಹರಡಿಕೊಂಡು ಹೊಲಿಯುತ್ತಿದ್ದನು. ಮರಿಗಳೇನಾದವೆಂದು ಕೇಳಿದೆನು. ಅರ್ಧಕ್ಕಿಂತ ಕಡಮೆ ಉಳಿದಿವೆಯೆಂದೂ, ದೊಡ್ಡದು ಹಿಂದಿರುಗಿದೆಯೆಂದೂ, ಬೇಕಾದರೆ ತೋರಿಸುವೆನೆಂದೂ ಹೇಳಿದನು. ನಾನು ದಿನಚರಿಯನ್ನು ತೆರೆದು ಕೊಟ್ಟೆನು. ಬಲೆಯ ಸೂಜಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಒದ್ದೆ ಬೆರಳು ತಗಲದಂತೆ ಹಾಳೆಯನ್ನು ಅಂಗೈ ಮೇಲಿಟ್ಟುಕೊಂಡು ಓದತೊಡಗಿದನು. ಅಕ್ಷರ ಕೂಡಿಸಿ ಓದುತ್ತ, ಒಂದೊಂದು ಹೆಸರಿಗೂ ಒಂದೊಂದು ಸಮಾಚಾರ ಹೇಳಿದನು. ಒಬ್ಬನು ಬೆಂಗಳೂರಿನಲ್ಲಿ ಗಾರೆಕೆಲಸ. ಒಬ್ಬಳನ್ನು ಆ ಬೇಸಗೆಯಲ್ಲೇ ಮದುವೆ ಮಾಡಿ ಕಳಿಸಿದರು. ಒಬ್ಬನು ಲಾರಿಯ ಕೆಳಗೆ ಸಿಕ್ಕಿ ಹೋದನು. ಇಬ್ಬರ ಸುದ್ದಿ ಅವನಿಗೂ ಗೊತ್ತಿಲ್ಲ. ಏಳನೆಯ ಹೆಸರಿಗೆ ಬಂದಾಗ ಸ್ವಲ್ಪ ತಡೆದು, “ಇದು ನಂದೇ” ಎಂದನು, “ಇನಿಶಿಯಲ್ಲು ತಪ್ಪಾಗದೆ ಮೇಷ್ಟ್ರೆ.”

ಲೇಖನಿಯನ್ನು ಕೊಟ್ಟೆನು. ತಿದ್ದಿಕೊಟ್ಟನು. ಅಷ್ಟರಲ್ಲಿ ಕೋಡಿಯ ಕಡೆ ಗುಳಕ್ಕೆಂದು ಸದ್ದಾಯಿತು. ಅದೇ ಮೀನೆಂದು ಹೇಳಿ ಆತನು ನನ್ನನ್ನು ಕರೆದುಕೊಂಡು ಹೋದನು.