ಮೂರು ಊರುಗಳ ಮುಯ್ಯಾಳು

ಒಕ್ಕಲುತನವನ್ನು ನಂಬಿ ಬದುಕಿದ ನಮ್ಮ ಸೀಮೆಯ ಮನೆತನಗಳಿಗೆ ‘ಮುಯ್ಯಾಳು’ ಎಂಬ ಮಾತು ಹೊಸದಲ್ಲ. ಕಳೆ ತೆಗೆಯುವ ಹಂಗಾಮಿನಲ್ಲಿ ಇಂದು ನಾಲ್ಕು ಮನೆಯವರು ಕೂಡಿ ಒಬ್ಬರ ಹೊಲಕ್ಕೆ ಇಳಿದರೆ, ನಾಳೆ ಆ ಮನೆಯವರು ಉಳಿದವರ ಹೊಲಗಳಲ್ಲಿ ದುಡಿದು ಮುಯ್ಯಿ ತೀರಿಸುತ್ತಾರೆ. ಕೂಲಿಯ ಹಣ ಕೈ ಬದಲಾಗುವುದಿಲ್ಲ. ಆದರೆ ಲೆಕ್ಕ ಯಾರ ಮನದಿಂದಲೂ ಅಳಿಯುವುದಿಲ್ಲ. ಈ ಹಳೆಯ ಪದ್ಧತಿಯನ್ನು ಇಂದು ನೆನೆಯಲು ಒಂದು ಹೊಸ ಕಾರಣ ಒದಗಿದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ನೆಲೆಸಿದ ನಾವು ಕೆಲವು ಕುಟುಂಬದವರು ನಮ್ಮ ಮಕ್ಕಳಿಗಾಗಿ ಸಾಮುದಾಯಿಕ ಕಾರ್ಯಾಗಾರಗಳನ್ನು ನಡೆಸುವ ಯತ್ನದಲ್ಲಿದ್ದೇವೆ. ಹೊರನಾಡುಗಳಲ್ಲಿ ಇವುಗಳನ್ನು ‘ಹ್ಯಾಕರ್‌ಸ್ಪೇಸ್’ ಎಂದು ಕರೆಯುತ್ತಾರೆ. ಹ್ಯಾಕರ್ ಎಂದೊಡನೆ ಬ್ಯಾಂಕಿನ ಖಾತೆಗೆ ಕನ್ನ ಹಾಕುವವನೆಂದು ಓದುಗರು ಬೆದರಬೇಕಾಗಿಲ್ಲ. ಯಂತ್ರವನ್ನು ಬಿಚ್ಚಿ ನೋಡಿ, ಅದರ ಮರ್ಮವನ್ನರಿತು, ಹೊಸದಾಗಿ ಜೋಡಿಸಬಲ್ಲವನೆಂಬುದೇ ಆ ಪದದ ಮೊದಲಿನ ಅರ್ಥ. ಒಬ್ಬರಿಂದ ಕೊಳ್ಳಲಾಗದ ಲೇತು, ಡ್ರಿಲ್ಲಿಂಗ್ ಯಂತ್ರ, ತ್ರೀಡಿ ಪ್ರಿಂಟರುಗಳನ್ನು ಹಲವರು ಚಂದಾ ಕೂಡಿಸಿ ಕೊಂಡು, ಒಂದು ಕೋಣೆಯಲ್ಲಿಟ್ಟು, ಎಲ್ಲರೂ ಬಳಸುವ ವ್ಯವಸ್ಥೆಯಿದು. ಬರ್ಲಿನ್ನಿನ ಸಿ-ಬೇಸ್ 1995ರಲ್ಲಿ, ವಿಯೆನ್ನಾದ ಮೆಟಾಲ್ಯಾಬ್ 2006ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ನಾಯ್ಸ್‌ಬ್ರಿಜ್ 2007ರಲ್ಲಿ ಆರಂಭಗೊಂಡವು. ಇದು ಮಹಾನಗರಗಳ ಸೊತ್ತೆಂದು ತಿಳಿಯುವುದೂ ಸಲ್ಲದು. ಪುಣೆ ಜಿಲ್ಲೆಯ ಪಾಬಳ ಎಂಬ ಹಳ್ಳಿಯಲ್ಲಿ ಡಾ. ಎಸ್. ಎಸ್. ಕಲಬಾಗ ಅವರು 1983ರಲ್ಲಿ ಕಟ್ಟಿದ ವಿಜ್ಞಾನ ಆಶ್ರಮದಲ್ಲಿ, ಅಮೆರಿಕದ ಎಂ.ಐ.ಟಿ. ಸಂಸ್ಥೆಯ ನೆರವಿನಿಂದ 2002ರಲ್ಲಿಯೇ ‘ಫ್ಯಾಬ್ ಲ್ಯಾಬ್’ ಸ್ಥಾಪನೆಯಾಯಿತು.

ನಮ್ಮ ಊರುಗಳಿಗೆ ಇದರ ಅಗತ್ಯವೇನು? ಅಟಲ್ ಇನ್ನೋವೇಷನ್ ಮಿಷನ್ನಿನ ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿಗಳವರೆಗೆ ನೆರವು ದೊರೆತು, 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಪ್ರಯೋಗಶಾಲೆಗಳು ತೆರೆದಿವೆ. ಸಂತೋಷದ ಸಂಗತಿ. ಆದರೆ ಶಾಲೆ ಬಿಟ್ಟ ಮರುದಿನ ಆ ಬಾಗಿಲು ಮಗುವಿಗೆ ಮುಚ್ಚುತ್ತದೆ. ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿ ಮನೆಯಲ್ಲಿರುವ ಹುಡುಗ, ಮದುವೆಯ ಮಾತಿಗಾಗಿ ಕಾದಿರುವ ಹುಡುಗಿ, ಹೊಲದ ಮೋಟರಿನ ಸ್ಟಾರ್ಟರನ್ನು ತಾನೇ ದುರಸ್ತಿ ಮಾಡಿಕೊಳ್ಳುವ ರೈತ, ಇವರಿಗೆ ಕೈಯಾಡಿಸಲು ತಾವು ಬೇಕಲ್ಲವೆ?

ಇಲ್ಲಿಯೇ ಮೊದಲ ತೊಡಕು. ಒಂದೊಂದು ಊರಿನಲ್ಲಿ ಇಂಥ ಆಸಕ್ತಿಯುಳ್ಳ ಮನೆಗಳು ಬೆರಳೆಣಿಕೆಯವು. ಮೂರೂ ಊರಿನವರು ಎಲ್ಲ ಯಂತ್ರಗಳನ್ನೂ ಕೊಳ್ಳಹೊರಟರೆ ಯಾರಿಗೂ ಯಾವುದೂ ದಕ್ಕದು. ಭತ್ತದ ನಾಡಾದ ಸಿಂಧನೂರಿನಲ್ಲಿ ಟ್ರ್ಯಾಕ್ಟರು, ಗಿರಣಿಗಳ ದುರಸ್ತಿ ಬಲ್ಲವರಿದ್ದಾರೆ. ಲೇತು ಅಲ್ಲಿರುವುದು ಯುಕ್ತ. ಲಿಂಗಸುಗೂರು ತಾಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯಿದೆ. ಅಳತೆ ತಪ್ಪದೆ ಕೆಲಸ ಮಾಡಿ ನಿವೃತ್ತರಾದ ಹಿರಿಯರು ಹುಡುಗರಿಗೆ ಕಲಿಸಬಲ್ಲರು. ಪ್ರಿಂಟರು, ಅಳತೆಯ ಸಾಧನಗಳು ಅಲ್ಲಿರಲಿ. ಇವೆರಡರ ನಡುವಿನ ಮಸ್ಕಿಯಲ್ಲಿ ಸದ್ಯಕ್ಕೆ ಒಂದು ಮೇಜು, ಬೆಸುಗೆ ಹಾಕುವ ಸಾಮಾನು ಮಾತ್ರ. ಹಾಗಾದರೆ ಒಂದೂರಿನ ಸದಸ್ಯನಿಗೆ ಉಳಿದೆರಡು ಊರುಗಳ ಬಾಗಿಲೂ ತೆರೆಯಬೇಕು. ಈ ಹಂಚಿಕೆಯ ಸದಸ್ಯತ್ವ ಹೇಗಿರಬೇಕೆಂಬುದೇ ನಮ್ಮ ಮುಂದಿನ ಪ್ರಶ್ನೆ.

ಬೇರೆಯವರು ಏನು ಮಾಡಿದ್ದಾರೆಂದು ವಿಚಾರಿಸಿದೆವು. ನಾಯ್ಸ್‌ಬ್ರಿಜ್‌ನ ಸ್ಥಾಪಕರಲ್ಲೊಬ್ಬರಾದ ಮಿಚ್ ಆಲ್ಟ್‌ಮನ್ ಅವರು ‘ಹ್ಯಾಕರ್‌ಸ್ಪೇಸ್ ಪಾಸ್‌ಪೋರ್ಟ್’ ಎಂಬ ಕಿರುಪುಸ್ತಿಕೆಯನ್ನು ರೂಪಿಸಿದ್ದಾರೆ. ಹೋದ ಹೋದ ಕೇಂದ್ರದಲ್ಲಿ ಅದರ ಮೇಲೆ ಮುದ್ರೆ ಒತ್ತಿಸಿಕೊಳ್ಳಬಹುದು. ಅದು ಸ್ನೇಹದ ಗುರುತೇ ಹೊರತು ಹಕ್ಕಿನ ಪತ್ರವಲ್ಲ. ವಿಜ್ಞಾನ ಕೇಂದ್ರಗಳ ಅಂತರರಾಷ್ಟ್ರೀಯ ಸಂಘವಾದ ಎ.ಎಸ್.ಟಿ.ಸಿ.ಯ ಏರ್ಪಾಡು ಇನ್ನಷ್ಟು ಗಟ್ಟಿಯಾದುದು: ಒಂದು ಕೇಂದ್ರದ ಸದಸ್ಯರಿಗೆ ಯೋಜನೆಗೆ ಸೇರಿದ ಇತರ ಕೇಂದ್ರಗಳಲ್ಲಿ ಉಚಿತ ಪ್ರವೇಶ. ಆದರೆ 90 ಮೈಲಿ, ಎಂದರೆ ಸುಮಾರು 145 ಕಿ.ಮೀ. ಒಳಗಿನ ಕೇಂದ್ರಗಳಿಗೆ ಈ ಸವಲತ್ತಿಲ್ಲ. ಅಗ್ಗದ ಕೇಂದ್ರದಲ್ಲಿ ಚಂದಾ ಕಟ್ಟಿ, ನೆರೆಯ ದುಬಾರಿ ಕೇಂದ್ರವನ್ನು ದಿನವೂ ಬಳಸಬಾರದೆಂಬುದೇ ಅದರ ಉದ್ದೇಶ.

ನಿಯಮ ನ್ಯಾಯವಾದುದೇ. ಆದರೆ ನಕ್ಷೆಯ ಮೇಲೆ ಗೆರೆ ಎಳೆದರೆ ಸಿಂಧನೂರಿನಿಂದ ಲಿಂಗಸುಗೂರಿಗೆ ಸುಮಾರು 50 ಕಿ.ಮೀ. ಮಾತ್ರ, ಮಸ್ಕಿ ಹೆಚ್ಚುಕಡಿಮೆ ಅದರ ನಡುಮಧ್ಯದಲ್ಲಿದೆ. ಆ ನಿಯಮವನ್ನು ತಂದರೆ ನಮ್ಮಲ್ಲಿ ಒಬ್ಬರಿಗೂ ಪ್ರಯೋಜನವಾಗದು. ದೂರದ ಅತಿಥಿಗಾಗಿ ಮಾಡಿದ ಏರ್ಪಾಡು ನೆರೆಯವನನ್ನು ಹೊರಗಿಡುತ್ತದೆ. ನಮಗೆ ಬೇಕಾದುದೋ ನೆರೆಯವರ ನಡುವಿನ ಏರ್ಪಾಡು. ಅತಿಥಿ ವರ್ಷಕ್ಕೊಮ್ಮೆ ಬಂದಾನು. ನೆರೆಯವನು ವಾರವಾರವೂ ಬರುತ್ತಾನೆ. ಆದುದರಿಂದ ನೆರೆಯವರ ನಡುವೆ ಲೆಕ್ಕವಿರಲೇಬೇಕು.

ನಮ್ಮ ಸಭೆಯಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು, “ದಾಸೋಹದ ಪರಂಪರೆಯವರು ನಾವು, ಮಕ್ಕಳು ಯಂತ್ರ ಮುಟ್ಟಿದ್ದಕ್ಕೆ ಲೆಕ್ಕ ಬರೆಯುವುದೇ?” ಎಂದು ನೊಂದು ನುಡಿದರು. ಅದಕ್ಕೆ ಮಸ್ಕಿಯ ತಾಯಿಯೊಬ್ಬರು, “ಯಜಮಾನರೇ, ಉಣ್ಣಲು ಬಂದವರ ಲೆಕ್ಕ ಬೇಡ, ನಿಜ. ಆದರೆ ದಿನಾ ಉಂಡು ಹೋಗುವವರು ನಾವೇ ಆದರೆ ನಮ್ಮ ಮಕ್ಕಳು ತಲೆಯೆತ್ತಿ ಒಳಗೆ ಬರುವುದು ಹೇಗೆ?” ಎಂದು ಕೇಳಿದರು. ಸಭೆ ಕ್ಷಣಕಾಲ ಮೌನವಾಯಿತು. ಲೆಕ್ಕವಿಡುವುದು ಜಿಪುಣತನವಲ್ಲ, ಪಡೆಯುವವರ ಮಾನವನ್ನು ಕಾಯುವ ಬಗೆಯೆಂಬುದು ಆ ತಾಯಿಯ ಮಾತಿನ ತಿರುಳು. ದಾಸೋಹ ದೊಡ್ಡದು, ಆದರೆ ಸವೆಯುವ ಯಂತ್ರಕ್ಕೆ ಒಪ್ಪುವುದು ಮುಯ್ಯಿ.

ಆ ಮೇಲೆ ನಾವು ಒಪ್ಪಿಕೊಂಡ ಅಂಶಗಳನ್ನು ಇಂಥ ಯತ್ನ ಮಾಡುವವರಿಗೆ ನೆರವಾದೀತೆಂದು ಇಲ್ಲಿ ಕೊಡುತ್ತಿದ್ದೇವೆ. ಪ್ರತಿಯೊಬ್ಬರೂ ವಾಸವಿರುವ ಊರಿನಲ್ಲಿಯೇ ಸದಸ್ಯರಾಗಬೇಕು; ಆಗ ಕಡಿಮೆ ಚಂದಾದ ಊರನ್ನು ಹುಡುಕಿ ಹೋಗುವ ಆಮಿಷವಿರದು. ಪರವೂರಿನಿಂದ ಬಂದ ದಿನವನ್ನು ಅಲ್ಲಿಯ ದಫ್ತರದಲ್ಲಿ ಬರೆಯಬೇಕು. ಯುಗಾದಿಗೂ ದೀಪಾವಳಿಗೂ ಒಮ್ಮೆ ಲೆಕ್ಕ ನೋಡಬೇಕು. ಮಸ್ಕಿಯವರು ಸಿಂಧನೂರಿಗೆ 40 ದಿನ ಹೋಗಿ, ಸಿಂಧನೂರಿನವರು ಮಸ್ಕಿಗೆ 10 ದಿನ ಬಂದಿದ್ದರೆ, ಉಳಿದ 30 ದಿನಗಳ ಮುಯ್ಯಿಯನ್ನು ಮಸ್ಕಿಯ ಕೇಂದ್ರ ತೀರಿಸಬೇಕು. ಅದು ಹಣದಿಂದಲೇ ಆಗಬೇಕೆಂದಿಲ್ಲ. ಯಂತ್ರಗಳ ಶುಚಿ, ದುರಸ್ತಿ, ಕಿರಿಯರಿಗೆ ಪಾಠ, ಯಾವುದಾದರೂ ಸರಿ. ಖರ್ಚಾಗುವ ತಂತಿ, ತಗಡು, ಪ್ಲಾಸ್ಟಿಕ್ಕುಗಳ ಬೆಲೆಯನ್ನು ಮಾತ್ರ ಬಳಸಿದವರೇ ಅಂದೇ ಕೊಡಬೇಕು. ಲೇತನ್ನು ಕಲಿತವರಲ್ಲದೆ ಬೇರೆಯವರು ಮುಟ್ಟಬಾರದು. ಒಂದೂರಿನಲ್ಲಿ ಕಲಿತುದಕ್ಕೆ ಕೊಟ್ಟ ಚೀಟಿ ಮೂರೂರಿಗೂ ಸಲ್ಲಬೇಕು. ಹಾಗೆಯೇ, ಹೆಣ್ಣುಮಕ್ಕಳೊಡನೆ ಅನುಚಿತವಾಗಿ ನಡೆದುಕೊಂಡವನಿಗೆ ಒಂದೂರಿನಲ್ಲಿ ಮುಚ್ಚಿದ ಬಾಗಿಲು ಉಳಿದೆಡೆಗಳಲ್ಲಿಯೂ ಮುಚ್ಚಬೇಕು.

ಕೂಡಿ ಬಾಳುವುದಕ್ಕೆ ಕಾಗದದ ಕಟ್ಟುಪಾಡು ನಮ್ಮ ನಾಡಿಗೆ ಹೊಸದೇನಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಭಾರತದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ನೆರೆಯವರ ಮೇಲಿನ ನಂಬಿಕೆಯೂ ಬರೆದಿಟ್ಟ ಲೆಕ್ಕವೂ ಒಂದಕ್ಕೊಂದು ವೈರಿಗಳಲ್ಲವೆಂದು ಅವರು ಆಗಲೇ ತೋರಿಸಿಕೊಟ್ಟರು.

ಇದೆಲ್ಲ ಯಾರಿಗಾಗಿ? ಮಸ್ಕಿಯಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗಿಯೊಬ್ಬಳಿದ್ದಾಳೆ. ರಾತ್ರಿ ಹೊಲಕ್ಕೆ ತ್ರೀ ಫೇಸ್ ಕರೆಂಟು ಬಂದೊಡನೆ ಮನೆಯಲ್ಲಿ ಗಂಟೆ ಬಾರಿಸುವ ಸಾಧನವನ್ನು ಅವಳು ಮಾಡುತ್ತಿದ್ದಾಳೆ. ತಂದೆ ನಿದ್ದೆಗೆಟ್ಟು ಕಾಯುವುದು ತಪ್ಪಲೆಂಬುದು ಅವಳ ಆಸೆ. ಬೆಸುಗೆ ಮಸ್ಕಿಯಲ್ಲಾದೀತು, ಅದರ ಪೆಟ್ಟಿಗೆ ಲಿಂಗಸುಗೂರಿನಲ್ಲಿ, ಅದನ್ನು ಗೋಡೆಗೆ ಬಿಗಿಯುವ ಕಬ್ಬಿಣದ ಪಟ್ಟಿ ಸಿಂಧನೂರಿನಲ್ಲಿ. ಮೂರು ಚಂದಾ ಕಟ್ಟಬೇಕೆಂದರೆ ಮನೆಯವರು ಮಗನಿಗಾದರೆ ಕಟ್ಟಿಯಾರು. ಮಗಳಿಗೆ ‘ಸಾಕು, ಕೂತುಕೋ’ ಎಂದಾರು. ಈ ಕಹಿಸತ್ಯವನ್ನು ನಾವು ನಮ್ಮ ಮನೆಗಳಲ್ಲಿಯೇ ಕಂಡಿದ್ದೇವೆ. ಒಂದೇ ಚಂದಾ ಆದರೆ ಆ ಮಾತಿಗೆ ಎಡೆಯಿಲ್ಲ. ಹಗಲಿನ ಬಸ್ಸಿನಲ್ಲಿ ಹೋಗಿ, ಕೆಲಸ ಮುಗಿಸಿ, ಹೊತ್ತು ಮುಳುಗುವ ಮುನ್ನ ಮನೆ ಸೇರುವಷ್ಟು ಸಮೀಪದಲ್ಲಿ ಮೂರು ಬಾಗಿಲುಗಳಿವೆ. ಅವು ಮೂರೂ ಅವಳಿಗೆ ತೆರೆದಿರುವಂತೆ ನೋಡಿಕೊಳ್ಳುವ ಹೊಣೆ ಹಿರಿಯರಾದ ನಮ್ಮದು.