ಒಂದು ಹಲ್ಲಿಗಾಗಿ

ನಿದ್ದೆ ಬಾರದ ರಾತ್ರಿ ಮೊಬೈಲ್ ತಿಕ್ಕುತ್ತಾ ಕೂತವನಿಗೆ ಸಿಕ್ಕಿದ್ದು ಅಮೆರಿಕದ ದಕ್ಷಿಣ ಕೆರೊಲಿನಾದ ಕೂಪರ್ ನದಿಯಲ್ಲಿ ಸ್ಕೂಬಾ ಕಟ್ಟಿಕೊಂಡು ಮುಳುಗುವವರ ಒಂದು ವಿಡಿಯೊ. ಸ್ಕೂಬಾ ಅಂದರೆ ನೀಲಿ ಕಡಲು, ಬಣ್ಣದ ಮೀನು ಅಂದುಕೊಂಡಿದ್ದೆ. ಇಲ್ಲಿನ ನೀರು ಹಾಲು ಹಾಕದ ಚಹಾ. ಕೊಳೆತ ಎಲೆಗಳ ಒಗರು ಇಳಿದು ಹಾಗಾಗಿದೆ. ಒಂದಿಷ್ಟು ಕೆಳಗೆ ಹೋದರೆ ಅಮಾವಾಸ್ಯೆ. ಉಬ್ಬರವಿಳಿತದ ಸೆಳೆತ ಬೇರೆ. ಕೊಚ್ಚಿಹೋಗದಿರಲು ಸ್ಕ್ರೂಡ್ರೈವರ್ ಒಂದನ್ನು ತಳಕ್ಕೆ ಚುಚ್ಚಿ ಹಿಡಿದುಕೊಂಡು, ಟಾರ್ಚ್ ಬೆಳಕಲ್ಲಿ ಜಲ್ಲಿ ಕೆದಕುತ್ತಾರೆ. ಮೊಸಳೆಯ ದಾಯಾದಿ ಅಲಿಗೇಟರ್‌ಗಳೂ ಅಲ್ಲೇ ವಾಸ.

ಇಷ್ಟೆಲ್ಲ ಒಂದು ಹಲ್ಲಿಗಾಗಿ! ಮೆಗಲೊಡಾನ್ ಎಂಬ ದೈತ್ಯ ಶಾರ್ಕ್ ಅಳಿದು ಸುಮಾರು 36 ಲಕ್ಷ ವರ್ಷವಾಯಿತು. ಶಾರ್ಕಿನ ಮೈಯೊಳಗೆ ಗಟ್ಟಿ ಮೂಳೆ ಇಲ್ಲ, ಇರುವುದೆಲ್ಲ ಮೃದ್ವಸ್ಥಿ, ಅದು ಉಳಿಯುವುದು ಅಪರೂಪ. ಹಲ್ಲು ಹಾಗಲ್ಲ. ಜೀವಮಾನವಿಡೀ ಉದುರುತ್ತಾ ಹುಟ್ಟುತ್ತಾ ಸಾವಿರಗಟ್ಟಲೆ. ನದಿ ಹಳೆಯ ಕಡಲತಳದ ಪದರ ಕೊರೆಯುತ್ತಾ ಅವನ್ನು ಒಂದೊಂದಾಗಿ ಉಗುಳುತ್ತದೆ.

ವಿಡಿಯೊದಲ್ಲಿ ಒಬ್ಬಾಕೆ ಕೆಸರು ಒರೆಸಿ ಹಿಡಿದ ಹಲ್ಲು ಅಂಗೈ ತುಂಬಿತ್ತು. ಕಪ್ಪು ಹೊಳಪು, ಅಂಚಿನುದ್ದಕ್ಕೂ ಸಣ್ಣ ಸಣ್ಣ ಕಚ್ಚು, ಆಗತಾನೇ ಕಕ್ಕು ಹಾಕಿಸಿ ತಂದ ಕುಡುಗೋಲಿನ ಹಾಗೆ. ಹೆಬ್ಬೆರಳು ಸವರಿದವಳು ಥಟ್ಟನೆ ಹಿಂದಕ್ಕೆಳೆದುಕೊಂಡಳು.

ಹೀಗೆ ಹೆಕ್ಕಲು ರಾಜ್ಯದ ಲೈಸೆನ್ಸ್ ಬೇಕು, ಸಿಕ್ಕಿದ್ದರ ಲೆಕ್ಕ ಒಪ್ಪಿಸಬೇಕು. ಸರಿಯೇ. ನನಗಂತೂ ಪುಕ್ಕಟೆ ಕೊಟ್ಟರೂ ಬೇಡ. ಹೊಳೆಯಲ್ಲಿ ಕಾಲಿಗೆ ಪಾಚಿ ತಾಗಿದರೆ ದಡಕ್ಕೆ ಓಡುವ ಆಸಾಮಿ ನಾನು.